ರೆವಿಯಾಹಿಹೇದೊ ದ್ವೀಪಗಳಿಗೆ ಡೈವಿಂಗ್ ಯಾತ್ರೆ

ರೆವಿಯಾಹಿಹೇದೊ ಪೆಸಿಫಿಕ್ ಸಾಗರದಲ್ಲಿ ಮೆಕ್ಸಿಕೊ ದೇಶಕ್ಕೆ ಸೇರಿದ ನಾಲ್ಕು ಜ್ವಾಲಾಮುಖಿ ದ್ವೀಪಗಳ ಸಮೂಹ. ಸೊಕೊರೊ, ಸಾನ್ ಬೆನೆದಿಕ್ತೊ, ರೋಕಾ ಪಾರ್ತಿದಾ ಮತ್ತು ಕ್ಲಾರಿಯೋನ್ ಇಲ್ಲಿನ ದ್ವೀಪಗಳು. ಬೃಹತ್ ಜಲಚರಗಳನ್ನು ನೀರಿನೊಳಗೇ ಕಾಣಬಯಸುವ ಸ್ಕೂಬಾ ಮುಳುಗುಗಾರರಿಗೆ ಈ ಸ್ಥಳವು ಪ್ರಸಿದ್ಧವಾಗಿದೆ. 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. 2017ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬಳಿಕ ಇಲ್ಲಿ ಮೀನುಗಾರಿಕೆಯನ್ನು ನಿಷೇಧಿಸಲಾಗಿದೆ.

ಪ್ರಯಾಣ

ದ್ವೀಪಗಳಲ್ಲಿ ಪ್ರವಾಸಿಗರಿಗೆ ವಸತಿ ವ್ಯವಸ್ಥೆಯಿಲ್ಲ. ಊಟ, ನಿದ್ರೆ, ಮುಳುಗುವ ಸಿದ್ಧತೆ ಎಲ್ಲವೂ ಹಡಗಿನಲ್ಲೇ ನಡೆಯುತ್ತವೆ. ಇಂತಹ ಹಡಗನ್ನು ಲಿವ್‌ಅಬೋರ್ಡ್ ಎನ್ನುತ್ತಾರೆ. ಬಾಜಾ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಿಂದ ಸುಮಾರು 400 ಕಿ.ಮೀ. ದೂರವನ್ನು ಕ್ರಮಿಸಲು ಒಂದು ದಿನವೇ ಬೇಕು. ಆದ್ದರಿಂದ ಎಂಟು ಒಂಬತ್ತು ದಿನಗಳ ಯಾತ್ರೆಯಲ್ಲಿ ಎರಡು ದಿನಗಳು ಹೋಗಿ ಬರುವುದರಲ್ಲೇ ಕಳೆಯುತ್ತವೆ.

ಕಾಲದ ಆಯ್ಕೆ

ನವೆಂಬರ್‌ನಿಂದ ಮೇ ತಿಂಗಳವರೆಗೆ ಯಾತ್ರೆಗಳು ನಡೆಯುತ್ತವೆ. ಉಳಿದ ತಿಂಗಳುಗಳಲ್ಲಿ ಚಂಡಮಾರುತದ ಭಯವಿರುತ್ತದೆ. ಯಾವ ಪ್ರಾಣಿಯನ್ನು ನೋಡಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ದಿನಾಂಕವನ್ನು ಗೊತ್ತುಪಡಿಸುವುದು ಸೂಕ್ತ. ಗೂನುಬೆನ್ನಿನ ತಿಮಿಂಗಿಲಗಳು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ ಇರುತ್ತವೆ. ಅವು ಕಣ್ಣಿಗೆ ಬೀಳದಿದ್ದರೂ ಗಂಡು ತಿಮಿಂಗಿಲಗಳ ಹಾಡು ನೀರಿನಾಳದಲ್ಲಿ ಕೇಳಿಬರುತ್ತದೆ. ಆದರೆ ಆಗ ನೀರು ತಂಪಾಗಿರುವುದರಿಂದ ದಪ್ಪ ವೆಟ್‌ಸೂಟ್ ಅಗತ್ಯ. ತಿಮಿಂಗಿಲ ಶಾರ್ಕ್ ಕಾಣುವ ಸಂಭವ ಋತುವಿನ ಆರಂಭದಲ್ಲಿ ಹೆಚ್ಚು.

ದೈತ್ಯ ಮಂಟಾ

ಋತುವಿನುದ್ದಕ್ಕೂ ಕಾಣಸಿಗುವುದು ತೊರಕೆ ಮೀನುಗಳ ಸಂಬಂಧಿಯಾದ ದೈತ್ಯ ಮಂಟಾ. ಇದರ ರೆಕ್ಕೆಗಳ ಹರವು ಏಳು ಮೀಟರ್‌ವರೆಗೂ ಇರಬಲ್ಲದು. ಸಾನ್ ಬೆನೆದಿಕ್ತೊ ಬಳಿಯ ಎಲ್ ಬಾಯ್ಲರ್ ಎಂಬ ಬಂಡೆಯಲ್ಲಿ ಕ್ಲಾರಿಯೋನ್ ಏಂಜೆಲ್ ಎಂಬ ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಮಂಟಾಗಳ ಮೈಮೇಲಿನ ಪರೋಪಜೀವಿಗಳನ್ನು ತಿಂದು ಶುಚಿಗೊಳಿಸುತ್ತವೆ. ಮುಳುಗುಗಾರರು ಬಿಡುವ ಗಾಳಿಗುಳ್ಳೆಗಳು ಹೊಟ್ಟೆಗೆ ತಾಗುವಂತೆ ಮಂಟಾ ಅವರ ತಲೆಯ ಮೇಲೆಯೇ ನಿಲ್ಲುವುದುಂಟು. ಅದನ್ನು ಮುಟ್ಟುವುದು, ಬೆನ್ನಟ್ಟುವುದು ನಿಷಿದ್ಧ. ಬೆನ್ನಟ್ಟಿದವರಿಗೆ ಮಂಟಾ ದೊರೆಯುವುದೂ ಇಲ್ಲ. ಸುಮ್ಮನೆ ನಿಂತವರ ಬಳಿಗೆ ಅದು ತಾನಾಗಿ ಬರುತ್ತದೆ.

ಸುರಕ್ಷತೆ

ಇದು ಹೊಸಬರಿಗೆ ತಕ್ಕ ತಾಣವಲ್ಲ. ರೋಕಾ ಪಾರ್ತಿದಾ ತೆರೆದ ಸಾಗರದ ನಡುವೆ ಎದ್ದಿರುವ ಸಣ್ಣ ಬಂಡೆ. ಅದರ ಬಿರುಕುಗಳಲ್ಲಿ ಬಿಳಿತುದಿಯ ಶಾರ್ಕ್‌ಗಳು ಒಂದರ ಮೇಲೊಂದು ಮಲಗಿರುತ್ತವೆ. ಹೊರಗೆ ಮಾತ್ರ ಕಾಲಿಗೆ ತಳ ಸಿಗದ ಆಳ, ಬಲವಾದ ಸೆಳವು. ಸೆಳವಿಗೆ ಸಿಕ್ಕವರನ್ನು ದೋಣಿಯವರು ಗುರುತಿಸಲು ಪ್ರತಿಯೊಬ್ಬರ ಬಳಿಯೂ ಸಂಕೇತದ ಬುರುಡೆ ಇರಬೇಕು. ಒತ್ತಡ ಇಳಿಯುವಾಗ ದೇಹದಲ್ಲಿ ಸಾರಜನಕದ ಗುಳ್ಳೆಗಳೆದ್ದು ಉಂಟಾಗುವ ಕಾಯಿಲೆಗೆ ಚಿಕಿತ್ಸೆ ನೀಡುವ ಒತ್ತಡ ಕೋಣೆ ಒಂದು ದಿನದ ದಾರಿಯಾಚೆಗಿದೆ. ಆದಕಾರಣ ಡೈವಿಂಗ್ ವಿಮೆ ಅನಿವಾರ್ಯ. ಕೊನೆಯ ಮುಳುಗಿನ ನಂತರ ವಿಮಾನವೇರಲು ಕನಿಷ್ಠ 18 ಗಂಟೆ ಕಾಯಬೇಕು. ಮರುಪ್ರಯಾಣದಲ್ಲೇ ಆ ಅವಧಿ ಮುಗಿಯುತ್ತದಾದರೂ, ಹವಾಮಾನದಿಂದ ಹಡಗು ತಡವಾಗಬಹುದಾದ್ದರಿಂದ ದಡ ಸೇರುವ ದಿನವೇ ವಿಮಾನದ ಟಿಕೆಟ್ ಕಾಯ್ದಿರಿಸದಿರುವುದು ಲೇಸು.