ಅಂಟುವಾಳದ ನೀರು, ಎಣ್ಣೆ ಬಿದ್ದ ಮಣ್ಣು



ನಮ್ಮ ಒಂದು ಸಂಘದವರು ಕೈತೋಟಕ್ಕೆಂದು ರಸ್ತೆ ಬದಿಯ ಜಾಗವನ್ನು ಗೇಣಿಗೆ ಪಡೆದಿದ್ದರು. ಸಂಘದಿಂದಲೇ ಸಾಲ ತೆಗೆದು ಬೀಜ, ಗೊಬ್ಬರ ತಂದರು. ಎಲ್ಲಾ ಕಡೆ ಬೆಂಡೆ, ಹರಿವೆ ಚೆನ್ನಾಗಿ ಬಂತು. ಒಂದು ಮೂಲೆಯಲ್ಲಿ ಮಾತ್ರ ಏನೂ ಹುಟ್ಟಲಿಲ್ಲ. ಅಗೆದು ನೋಡಿದರೆ ಮಣ್ಣು ಕಪ್ಪಗೆ, ಜಿಡ್ಡು ಜಿಡ್ಡು. ಹಿಂದೆ ಅಲ್ಲಿ ಗ್ಯಾರೇಜ್ ಇತ್ತಂತೆ, ಗಾಡಿಗಳ ಹಳೆ ಆಯಿಲನ್ನು ಅಲ್ಲೇ ಚೆಲ್ಲುತ್ತಿದ್ದರಂತೆ. ಹತ್ತಿರದಲ್ಲೇ ಕುಡಿಯುವ ನೀರಿನ ಬಾವಿ.

ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಕೇಳಿದರು: “ಸಿಸ್ಟರ್, ಬಟ್ಟೆಯ ಜಿಡ್ಡು ಅಂಟುವಾಳದಲ್ಲಿ ಹೋಗುತ್ತೆ. ಮಣ್ಣಿನ ಜಿಡ್ಡು ಯಾಕೆ ಹೋಗಬಾರದು?” ನಾವೂ “ಹೌದಲ್ಲಾ, ಮಾಡಿ ನೋಡೋಣ” ಎಂದುಬಿಟ್ಟೆವು. ಆಮೇಲೆ ತಿಳಿದವರನ್ನು ವಿಚಾರಿಸಿದಾಗ ಗೊತ್ತಾಯಿತು: ಅಮ್ಮ ಹೇಳಿದ್ದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ತಿಳಿಯದೆ ಕೊಡಗಟ್ಟಲೆ ಸುರಿದಿದ್ದರೆ ಬಾವಿಗೇ ಅಪಾಯವಿತ್ತು.

ಅಂಟುವಾಳ ಏನು ಮಾಡುತ್ತದೆ?

ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ಅಂಶವಿದೆ. ನೊರೆ ಬರುವುದು ಅದರಿಂದಲೇ. ಸೀಗೆಕಾಯಿಯಲ್ಲೂ ಅದೇ ಇದೆ. ಸಪೋನಿನ್‌ನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಹೀಗೆ ಮಣ್ಣಿಗೆ ಅಂಟಿದ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನ ಜೊತೆ ಹೊರಗೆ ಬರುತ್ತದೆ.

ಇದು ಬರೀ ಅಜ್ಜಿಯರ ಮಾತಲ್ಲ. ಉತ್ತರ ಭಾರತದ ಅಂಟುವಾಳವಾದ ರೀಠಾ ಕಾಯಿಯ ನೀರಿನಿಂದ ಮಣ್ಣಿನಲ್ಲಿ ಅಂಟಿಕೊಂಡಿದ್ದ, ನೀರಿನಲ್ಲಿ ಕರಗದ ರಾಸಾಯನಿಕ ವಿಷವನ್ನು ತೊಳೆಯುವ ಪ್ರಯೋಗವನ್ನು ಅಮೆರಿಕದ ಸಂಶೋಧಕರು 1997ರಲ್ಲಿ ಪ್ರಕಟಿಸಿದ್ದಾರೆ.

ಹಾಗಾದರೆ ಅಪಾಯವೇನು?

ಅಂಟುವಾಳ ಎಣ್ಣೆಯನ್ನು ಬಿಡಿಸುತ್ತದೆಯೇ ಹೊರತು ನಾಶ ಮಾಡುವುದಿಲ್ಲ. ಬಟ್ಟೆ ಒಗೆದ ಕೊಳೆ ನೀರು ಚರಂಡಿಗೆ ಹೋಗುತ್ತದೆ. ಮಣ್ಣು ತೊಳೆದ ನೀರು? ಕೆಳಗೆ ಇಳಿದು ಬಾವಿಯ ಕಡೆಗೇ ಹೋಗಬಹುದು. ವಿಜ್ಞಾನಿಗಳು ಮಣ್ಣನ್ನು ತೊಟ್ಟಿಯಲ್ಲಿ ಹಾಕಿ ತೊಳೆದು, ಆ ನೀರನ್ನೂ ಶುದ್ಧ ಮಾಡುತ್ತಾರೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಸಪೋನಿನ್ ಮೀನುಗಳಿಗೂ ವಿಷ, ಆದ್ದರಿಂದ ಆ ನೀರು ಕೆರೆಗೂ ಸೇರಬಾರದು.

ಎಣ್ಣೆ ಬಾವಿಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ನೈಜೀರಿಯಾ ದೇಶದ ಓಗೋನಿ ಪ್ರದೇಶವೇ ಸಾಕ್ಷಿ. ಅಲ್ಲಿ ಎಣ್ಣೆ ಪೈಪ್‌ಲೈನ್ ಹತ್ತಿರದ ಒಂದು ಊರಿನ ಬಾವಿಗಳಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಸುರಕ್ಷಿತ ಮಿತಿಗಿಂತ 900 ಪಟ್ಟಿಗೂ ಹೆಚ್ಚಿದೆ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2011ರಲ್ಲಿ ವರದಿ ಮಾಡಿತು. ಜನ ಅದೇ ನೀರು ಕುಡಿಯುತ್ತಿದ್ದರು.

ಎಣ್ಣೆಯನ್ನು ತಿನ್ನುವವರು ಯಾರು?

ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ದೆಹಲಿಯ ಟೆರಿ ಸಂಸ್ಥೆ ಇಂಥ ಜೀವಿಗಳನ್ನೇ ಆರಿಸಿ ಬೆಳೆಸಿ ‘ಆಯಿಲ್ ಝಾಪರ್’ ಎಂಬ ಪುಡಿ ತಯಾರಿಸಿದೆ. ಈ ಜೀವಿಗಳಿಗೆ ಗಾಳಿ, ತೇವ, ಸಾರಜನಕ ಮೂರೂ ಬೇಕು. ಎಣ್ಣೆ ಬಿದ್ದ ಮಣ್ಣಿಗೆ ಗಾಳಿ, ನೀರು ಇಳಿಯುವುದಿಲ್ಲ. ಸಾರಜನಕವೂ ಸಾಲುವುದಿಲ್ಲ. ಅದಕ್ಕೇ ಗಿಡ ಹಳದಿಯಾಗಿ ಸಾಯುವುದು.

ನಾವು ಮಾಡಿದ್ದು ಹೀಗೆ

1. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕಪ್ಪು ಮಣ್ಣನ್ನೆಲ್ಲ ತೆಗೆದು ಬಾವಿಯಿಂದ ದೂರ ದಪ್ಪ ಟಾರ್ಪಾಲಿನ ಮೇಲೆ ಹಾಕಿದೆವು.
2. ಅಷ್ಟೇ ಪ್ರಮಾಣದ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ತರಗೆಲೆ ಬೆರೆಸಿದೆವು.
3. ತೆಳು ಅಂಟುವಾಳದ ನೀರನ್ನು ಬರೀ ಚಿಮುಕಿಸಿದೆವು, ಹರಿಯುವಷ್ಟು ಹಾಕಲಿಲ್ಲ. ಎಣ್ಣೆ ಸಣ್ಣ ಹನಿಯಾದರೆ ಜೀವಿಗಳಿಗೆ ಸಿಗುವುದು ಸುಲಭ.
4. ವಾರಕ್ಕೊಮ್ಮೆ ಮಗುಚಿದೆವು. ತೇವ ಆರಲು ಬಿಡಲಿಲ್ಲ. ಮಳೆ ಬಂದಾಗ ಮುಚ್ಚಿದೆವು.

ತಿಂಗಳುಗಳೇ ಹಿಡಿದವು, ಆದರೆ ವಾಸನೆ ಹೋಯಿತು. ಆದರೂ ಆ ಮಣ್ಣಿನಲ್ಲಿ ಸೊಪ್ಪು, ತರಕಾರಿ ಬೆಳೆಯಲಿಲ್ಲ. ಯಾಕೆಂದರೆ ಹಳೆ ಇಂಜಿನ್ ಆಯಿಲಿನಲ್ಲಿ ಸೀಸದಂಥ ಲೋಹಗಳಿರುತ್ತವೆ. ಲೋಹವನ್ನು ಯಾವ ಜೀವಿಯೂ ತಿಂದು ಇಲ್ಲದಂತೆ ಮಾಡಲಾರದು. ಈಗ ಆ ಮಣ್ಣಿನಲ್ಲಿ ಸೇವಂತಿಗೆ ಇದೆ. ಹೂ ಮಾರಿದ ಹಣ ಸಾಲದ ಕಂತಿಗೆ ಹೋಗುತ್ತಿದೆ.

ಇದು ಕೆಲವು ಬುಟ್ಟಿ ಮಣ್ಣಿಗೆ ಮಾತ್ರ ಆಗುವ ಕೆಲಸ. ಟ್ಯಾಂಕರ್ ಮಗುಚಿದರೆ, ಬಾವಿ ನೀರಿನಲ್ಲಿ ಎಣ್ಣೆ ವಾಸನೆ ಬಂದರೆ, ನೀರು ಕುಡಿಯುವುದನ್ನು ನಿಲ್ಲಿಸಿ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಕೊಡಿ. ಸಂಘದ ಎಲ್ಲರೂ ಸಹಿ ಹಾಕಿ.

ಎಲ್ಲಕ್ಕಿಂತ ಸುಲಭ ಕೆಲಸ, ಚೆಲ್ಲದೇ ಇರುವುದು. ಹಳೆ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಕ್ಯಾನಿನಲ್ಲಿ ತುಂಬಿಸಿ, ಪರವಾನಗಿ ಇರುವವರಿಗೇ ಕೊಡಬೇಕು. ದನದ ಗಾಯಕ್ಕೆ ಹಚ್ಚುವುದೂ ಬೇಡ, ಒಲೆಗೆ ಸುರಿಯುವುದೂ ಬೇಡ. ದೇವರು ಕೊಟ್ಟ ಮಣ್ಣು ನಮ್ಮ ಮಕ್ಕಳಿಗೂ ಬೇಕಲ್ಲವೇ?

ಮುಂದಿನ ಸಭೆಯಲ್ಲಿ ಚರ್ಚಿಸಿ:
- ನಮ್ಮ ಊರಿನಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್, ಗ್ಯಾರೇಜುಗಳ ಹಳೆ ಆಯಿಲ್ ಎಲ್ಲಿಗೆ ಹೋಗುತ್ತಿದೆ?
- ಅಲ್ಲಿಂದ ಬಾವಿ ಎಷ್ಟು ದೂರ?
- ಈ ಬಗ್ಗೆ ಯಾರೊಡನೆ ಮಾತಾಡಬೇಕು, ನಮ್ಮಲ್ಲಿ ಯಾರು ಹೋಗುತ್ತೀರಿ?