ವೇಗದ ಕಾರಿಗೆ ಬ್ರೇಕ್ ಡಿಸ್ಕ್, ಪ್ಯಾಡ್ ಬದಲಿಸುವ ಮುನ್ನ



ಹೊಸೂರು, ಬಾಗಲೂರು, ಡೆಂಕಣಿಕೋಟೆ, ತಳಿ, ಶೂಲಗಿರಿ, ಕೃಷ್ಣಗಿರಿ ಕಡೆಯ ನಮ್ಮ ಮನೆಗಳ ಮುಂದೆ ಈಗ ಬಗೆಬಗೆಯ ಕಾರುಗಳು ನಿಂತಿರುತ್ತವೆ. ಟಿಎನ್ 70, ಟಿಎನ್ 24, ಕೆಎ 51 ಎಂದು ನಂಬರ್ ಪ್ಲೇಟ್ ಬೇರೆಯಾದರೂ ಓಡುವ ರಸ್ತೆ ಒಂದೇ. ಅವುಗಳಲ್ಲಿ ಪೋಲೊ ಜಿಟಿ, ಐ20 ಎನ್ ಲೈನ್, ಆಕ್ಟೇವಿಯಾ ಆರ್‌ಎಸ್, ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ತರಹದ ವೇಗದ ಕಾರುಗಳೂ ಇವೆ. ಇಂಥ ಕಾರಿನ ಮೊದಲ ಸೆಟ್ ಪ್ಯಾಡ್ ಸವೆದಾಗ ಪ್ರಶ್ನೆಗಳು ಏಳುತ್ತವೆ. ಕಂಪನಿಯದ್ದೇ ಹಾಕಿಸಬೇಕೇ? ತೂತು ಕೊರೆದ ಡಿಸ್ಕ್ ಒಳ್ಳೆಯದೇ? ರೇಸಿನವರು ಹಾಕುವ ಪ್ಯಾಡ್ ನಮಗೂ ಆಗುತ್ತದೆಯೇ? ಇವಕ್ಕೆ ಉತ್ತರ ಹುಡುಕಲು ಈ ಲೇಖನ.

ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಬ್ರೇಕ್ ಸಾಮಾನನ್ನು ಕಾರಿನ ಅಂದಕ್ಕೋ ಎಂಜಿನ್ನಿನ ಶಕ್ತಿಗೋ ತಕ್ಕಂತೆ ಆರಿಸಬೇಡಿ. ನಿಮ್ಮ ಕಾರು ನಿಜವಾಗಿ ಓಡುವ ರಸ್ತೆಯಲ್ಲಿ ಬ್ರೇಕ್ ಎಷ್ಟು ಕಾಯುತ್ತದೆ ಎಂಬುದನ್ನು ನೋಡಿ ಆರಿಸಿ.

ಎಲ್ಲವೂ ಶಾಖದ ಲೆಕ್ಕ

ಬ್ರೇಕ್ ಎಂದರೆ ಓಟವನ್ನು ಶಾಖವಾಗಿ ಬದಲಿಸುವ ಸಾಧನ. ಜನ, ಸಾಮಾನು ಸೇರಿ 1,500 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 580 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. ಅಷ್ಟು ಶಾಖದಲ್ಲಿ ಒಂದೂಮುಕ್ಕಾಲು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಇದು ಕೆಲವೇ ಸೆಕೆಂಡಿನಲ್ಲಿ, ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್‌ಗಳ ಮೇಲೆ ಬೀಳುತ್ತದೆ. ವೇಗ 140 ಆದರೆ ಶಾಖ ಹೆಚ್ಚುಕಡಿಮೆ ಎರಡರಷ್ಟು.

ಘಾಟ್ ಇಳಿಯುವಾಗಿನ ಲೆಕ್ಕ ಇನ್ನೂ ದೊಡ್ಡದು. ನಮ್ಮಲ್ಲಿ ಅನೇಕರು ರಜೆಯಲ್ಲಿ ಯೇರ್ಕಾಡಿಗೆ ಹೋಗುತ್ತಾರೆ. ಅಲ್ಲಿಂದ ಸೇಲಂಗೆ ಇಳಿಯುವ ರಸ್ತೆಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಇಳಿಯುವ ಎತ್ತರ 1,000 ಮೀಟರಿಗೂ ಹೆಚ್ಚು. ಅದೇ 1,500 ಕೆ.ಜಿ. ಕಾರು 1,000 ಮೀಟರ್ ಇಳಿದರೆ, 100 ಕಿ.ಮೀ. ವೇಗದಿಂದ 25 ಸಲ ನಿಲ್ಲಿಸಿದಷ್ಟು ಶಕ್ತಿ ಎಲ್ಲಾದರೂ ಕರಗಬೇಕು. ಗೇರ್ ಇಳಿಸಿದರೆ ಒಂದು ಪಾಲನ್ನು ಎಂಜಿನ್ ಹೊರುತ್ತದೆ. ಇಳಿಸದಿದ್ದರೆ ಬಹುಪಾಲು ಪ್ಯಾಡಿನ ತಲೆಗೇ.

ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವಾಗ ಸಿಗುವ ತೊಪ್ಪೂರು ಘಾಟ್ ನಮಗೆಲ್ಲ ಗೊತ್ತು. ಅಲ್ಲಿ ಇಳಿಜಾರಿನಲ್ಲಿ ಹಿಡಿತ ತಪ್ಪಿದ ಲಾರಿಗಳ ಸುದ್ದಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಬ್ರೇಕ್ ಚೆನ್ನಾಗಿದ್ದರೆ ಸಾಲದು, ಹಿಂದಿನವರ ಬ್ರೇಕ್ ಕೈಕೊಟ್ಟರೆ ತಪ್ಪಿಸಿಕೊಳ್ಳುವಷ್ಟು ಹಿಡಿತವೂ ನಮ್ಮ ಕೈಲಿರಬೇಕು.

ಶಾಖ ಮಿತಿ ಮೀರಿದಾಗ ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲದಿದ್ದರೆ ಪ್ಯಾಡ್ ಮಿತಿ ಮೀರಿ ಕಾದಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ನೆಲದವರೆಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಆವಿಗುಳ್ಳೆಗಳಾಗಿವೆ. ಮೊದಲನೆಯದಕ್ಕೆ ಔಷಧಿ ತಕ್ಕ ಪ್ಯಾಡ್. ಎರಡನೆಯದಕ್ಕೆ ಹೊಸ ಆಯಿಲ್. ಎಷ್ಟು ದುಬಾರಿ ಡಿಸ್ಕ್ ಹಾಕಿದರೂ ಹಳೆಯ ಆಯಿಲ್ ಕುದಿಯುವುದು ತಪ್ಪುವುದಿಲ್ಲ.

ಡಿಸ್ಕ್ ಬ್ರೇಕ್ ಹೆಸರು ಮಾಡಿದ್ದೂ ಇದೇ ಕಾರಣಕ್ಕೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ರೇಸನ್ನು ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಡ್ರಮ್ ಬ್ರೇಕ್ ಕಾದು ಸೋಲುವ ಕಡೆ ಡಿಸ್ಕ್ ಗಾಳಿಗೆ ತೆರೆದುಕೊಂಡು ಬೇಗ ತಣಿಯುತ್ತದೆ. ಒಂದು ಸಲ ಗಟ್ಟಿಯಾಗಿ ನಿಲ್ಲುವುದಕ್ಕಿಂತ, ಇಪ್ಪತ್ತನೇ ಸಲವೂ ಮೊದಲಿನಂತೆಯೇ ನಿಲ್ಲುವುದು ದೊಡ್ಡದು.

ಡಿಸ್ಕ್: ಮೊದಲು ಅಳತೆ, ಆಮೇಲೆ ಖರೀದಿ

ಟಿವಿಎಸ್, ಅಶೋಕ್ ಲೇಲ್ಯಾಂಡ್ ಮತ್ತು ಸಿಪ್‌ಕಾಟ್‌ನ ಸಣ್ಣಪುಟ್ಟ ಕಾರ್ಖಾನೆಗಳಿಂದಾಗಿ ಮೈಕ್ರೊಮೀಟರ್ ಹಿಡಿದು ಬದುಕು ಕಟ್ಟಿಕೊಂಡವರ ಊರು ಹೊಸೂರು. ಅಳೆಯದೆ ಒಂದು ಬುಷ್ಷನ್ನೂ ಪಾಸ್ ಮಾಡದವರು ನಮ್ಮಲ್ಲಿ ಬಹಳ ಜನ. ಅದೇ ಕಟ್ಟುನಿಟ್ಟು ಮನೆಯ ಕಾರಿಗೂ ಸಲ್ಲಬೇಕು.

ಪ್ರತಿ ಡಿಸ್ಕಿನ ಅಂಚಿನಲ್ಲಿ ಅಥವಾ ನಡುಭಾಗದಲ್ಲಿ ಕನಿಷ್ಠ ದಪ್ಪ ಎಷ್ಟೆಂದು ಅಚ್ಚೊತ್ತಿರುತ್ತದೆ. ಉದಾಹರಣೆಗೆ ಹೊಸದರಲ್ಲಿ 25 ಮಿ.ಮೀ. ಇರುವ ಡಿಸ್ಕಿಗೆ ಮಿತಿ 22 ಮಿ.ಮೀ. ಇರಬಹುದು. ಮಿತಿ ತಲುಪಿದ್ದರೆ ಬದಲಿಸಲೇಬೇಕು. ಇನ್ನೂ ದಪ್ಪ ಇದ್ದು, ಬಿರುಕಿಲ್ಲದೆ, ಮೈ ನುಣುಪಾಗಿದ್ದರೆ ಪ್ಯಾಡ್ ಮಾತ್ರ ಬದಲಿಸಿದರೂ ಆದೀತು. ಲೇತ್‌ನಲ್ಲಿ ಮೈ ಸವರಿಸುವುದಾದರೆ, ಸವರಿದ ಮೇಲೂ ದಪ್ಪ ಮಿತಿಗಿಂತ ಮೇಲಿರಬೇಕು. ತೆಳ್ಳಗಾದ ಡಿಸ್ಕ್ ಶಾಖ ಹಿಡಿದಿಟ್ಟುಕೊಳ್ಳಲಾರದೆ ಬೇಗ ಕಾಯುತ್ತದೆ.

ಡಿಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತೀರಿ.

ಸಾದಾ ಮೈಯ ಡಿಸ್ಕ್: ಮುಂದಿನ ಚಕ್ರಗಳಿಗೆ ಎರಡು ಪದರಗಳ ನಡುವೆ ಗಾಳಿ ಹಾಯುವಂಥದ್ದು ಬರುತ್ತದೆ. ಊರು, ಹೆದ್ದಾರಿ, ಆಗೊಮ್ಮೆ ಘಾಟ್ ಎನ್ನುವವರಿಗೆ ಇದೇ ಸಾಕು.

ಗೀರು ಹಾಕಿದ ಡಿಸ್ಕ್: ಗೀರುಗಳು ಪ್ಯಾಡಿನ ಮೈಯನ್ನು ಕೆರೆದು ಹೊಸದಾಗಿಡುತ್ತವೆ, ಮಳೆಯಲ್ಲಿ ನೀರನ್ನು ಬೇಗ ತಳ್ಳುತ್ತವೆ. ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ತುಸು ಸದ್ದೂ ಇರುತ್ತದೆ.

ತೂತು ಕೊರೆದ ಡಿಸ್ಕ್: ನೋಡಲು ಚೆಂದ, ಒದ್ದೆಯಲ್ಲಿ ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಪದೇ ಪದೇ ಕಾದು ತಣಿಯುವಾಗ ತೂತಿನ ಅಂಚಿನಿಂದ ಬಿರುಕು ಹೊರಡಬಹುದು. ಸಾದಾ ಡಿಸ್ಕನ್ನು ತಂದು ಇಲ್ಲೇ ಡ್ರಿಲ್ ಮಾಡಿಸುವ ಆಲೋಚನೆ ಖಂಡಿತ ಬೇಡ.

ಇನ್ನು ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ ಹಾಕಿಸುವ ಮಾತು. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರ್. ಈಗಿರುವ ಬ್ರೇಕಿಗೇ ಎಬಿಎಸ್ ಕೆಲಸ ಮಾಡುತ್ತಿದೆ ಎಂದರೆ ಟೈರಿನ ಹಿಡಿತ ಮುಗಿಯಿತು ಎಂದರ್ಥ. ದೊಡ್ಡ ಡಿಸ್ಕಿನಿಂದ ಅದು ಹೆಚ್ಚುವುದಿಲ್ಲ. ಮುಂದೆ ಮಾತ್ರ ದೊಡ್ಡದು ಹಾಕಿದರೆ ಮುಂದು–ಹಿಂದಿನ ಹೊಂದಾಣಿಕೆ ಕೆಟ್ಟು, ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸ ಮಾಡದೆ, ನಿಲ್ಲುವ ದೂರ ಹೆಚ್ಚಲೂಬಹುದು. ಪೋಲೊ ಜಿಟಿಯಂತೆ ಹಿಂದೆ ಡ್ರಮ್ ಇರುವ ಕಾರಿನಲ್ಲಿ ಇದನ್ನು ಹೆಚ್ಚು ಯೋಚಿಸಬೇಕು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ. ಅಪಘಾತವಾದರೆ ವಿಮೆಯವರು ಈ ಪ್ರಶ್ನೆ ಎತ್ತಬಹುದು.

ಪ್ಯಾಡ್: ತಣ್ಣಗಿರುವಾಗಲೂ ಹಿಡಿಯಬೇಕು

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸುಮಾರು 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಕಾಲ. ಒಂದೇ ಚಕ್ರಕ್ಕೆ ಹಾಕಿಸಬಾರದು. ಎಡ, ಬಲ ಎರಡಕ್ಕೂ ಒಟ್ಟಿಗೆ ಬದಲಿಸಬೇಕು.

ಆರ್ಗ್ಯಾನಿಕ್ ಪ್ಯಾಡ್ ಸದ್ದಿಲ್ಲದೆ, ಡಿಸ್ಕನ್ನು ಹೆಚ್ಚು ತಿನ್ನದೆ ಕೆಲಸ ಮಾಡುತ್ತದೆ. ಉದ್ದದ ಇಳಿಜಾರಿನಲ್ಲಿ ಬೇಗ ಸೋಲುತ್ತದೆ. ಸೆಮಿ ಮೆಟಾಲಿಕ್ ಶಾಖ ತಡೆಯುತ್ತದೆ. ಕಪ್ಪು ಧೂಳು, ಸದ್ದು ಸ್ವಲ್ಪ ಜಾಸ್ತಿ. ಸೆರಾಮಿಕ್ ಎಂದು ಮಾರುವುದರಲ್ಲಿ ಧೂಳು ಕಡಿಮೆ. ಗುಣ ಮಾತ್ರ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಇದಕ್ಕೂ ಸೂಪರ್ ಕಾರುಗಳ ಕಾರ್ಬನ್ ಸೆರಾಮಿಕ್ ಡಿಸ್ಕಿಗೂ ಸಂಬಂಧವಿಲ್ಲ.

ರೇಸ್ ಪ್ಯಾಡ್ ಬೇರೆಯೇ ಜಾತಿ. ಅದು ಕಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಅದಕ್ಕೆ ಅರ್ಥವಿದೆ. ಆದರೆ ಬೆಳಿಗ್ಗೆ ಗಾಡಿ ತೆಗೆದು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಶಾಲೆಯ ಮಗು ಅಡ್ಡ ಬಂದರೆ ಆ ಪ್ಯಾಡ್ ಇನ್ನೂ ತಣ್ಣಗಿರುತ್ತದೆ. ನಿತ್ಯ ಓಡಿಸುವ ಕಾರಿಗೆ ರೇಸ್ ಪ್ಯಾಡ್ ಬೇಡವೆನ್ನಲು ಇದೊಂದೇ ಕಾರಣ ಸಾಕು. ಬೇಕಾದುದು ರಸ್ತೆಗೆಂದೇ ಮಾಡಿದ, ಸ್ವಲ್ಪ ಹೆಚ್ಚು ಶಾಖ ತಡೆಯುವ ಪ್ಯಾಡ್.

ಪ್ಯಾಡಿನ ಹಿಂಬದಿಯಲ್ಲೋ ಅಂಚಿನಲ್ಲೋ ಎರಡು ಇಂಗ್ಲಿಷ್ ಅಕ್ಷರಗಳ ಗುರುತು ಇರುವುದುಂಟು. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಎಫ್ ಇದ್ದರೆ ಕಾದಾಗಲೂ ಅದೇ ಮಟ್ಟದಲ್ಲಿದೆ ಎಂದು. ಎಫ್‌ಇ ಇದ್ದರೆ ಕಾದಾಗ ಇಳಿಯುತ್ತದೆ ಎಂದು. ಯುರೋಪಿನ ಆರ್90 ನಿಯಮ ಪಾಲಿಸಿದ ಪ್ಯಾಡಿನ ಮೇಲೆ ವೃತ್ತದೊಳಗೆ ಇ ಅಕ್ಷರವೂ 90ಆರ್ ಎಂದು ಶುರುವಾಗುವ ನಂಬರೂ ಇರುತ್ತವೆ. ಅಂಥ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಇರುವಂತಿಲ್ಲ.

ಬ್ರೇಕ್ ಆಯಿಲ್ ಮರೆಯಬೇಡಿ

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವು 260 ಮತ್ತು 180. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್; ಹೆಸರು ಹತ್ತಿರವಿದ್ದರೂ ಅದನ್ನು ಇವುಗಳೊಂದಿಗೆ ಬೆರೆಸಬಾರದು.

ಎಲ್ಲಿ, ಹೇಗೆ ಕೊಳ್ಳಬೇಕು

ಒಂದೇ ಮಾಡೆಲ್ಲಿನ ಕಾರಿಗೆ ವರ್ಷ, ಎಂಜಿನ್ ನೋಡಿ ಬೇರೆ ಬೇರೆ ಅಳತೆಯ ಡಿಸ್ಕ್ ಬಂದಿರುತ್ತದೆ. ಆದ್ದರಿಂದ ‘ಆಕ್ಟೇವಿಯಾ ಪ್ಯಾಡ್ ಕೊಡಿ’ ಎಂದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರ–ಅಂಕಿಗಳ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಹಳೆಯ ಡಿಸ್ಕಿನ ವ್ಯಾಸ, ದಪ್ಪದೊಂದಿಗೆ ತಾಳೆ ನೋಡಿ. ಕಂಪನಿ ಡಬ್ಬಿಯದ್ದು ದುಬಾರಿ ಎನಿಸಿದರೆ, ಕಾರು ಕಂಪನಿಗಳಿಗೇ ಬ್ರೇಕ್ ಪೂರೈಸುವ ಬಾಷ್, ಎಟಿಇ, ಟಿಆರ್‌ಡಬ್ಲ್ಯು, ಬ್ರೆಂಬೊಗಳ ಸ್ವಂತ ಡಬ್ಬಿಯ ಸಾಮಾನು ಒಳ್ಳೆಯ ದಾರಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಬಿಲ್ ಇಲ್ಲದೆ ಬ್ರೇಕ್ ಸಾಮಾನು ಕೊಳ್ಳಬೇಡಿ. ಹೆಸರಾಂತ ಬ್ರ್ಯಾಂಡ್ ಅರ್ಧ ಬೆಲೆಗೆ ಸಿಗುತ್ತಿದೆ ಎಂದರೆ ಅನುಮಾನಿಸಿ. ಅಕ್ಷರ ಮಸುಕಾದ ಡಬ್ಬಿ, ಬ್ಯಾಚ್ ನಂಬರ್ ಇಲ್ಲದ ಪ್ಯಾಡ್, ಅಂಚಿನಲ್ಲಿ ಉದುರುವ ಪದರ ಇವೆಲ್ಲ ನಕಲಿಯ ಗುರುತು. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಬ್ರೇಕಿನಲ್ಲಿ ಬೇಡ.

ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡಿ

‘ಅಣ್ಣಾ, ಡಿಸ್ಕ್ ಎಷ್ಟು ದಪ್ಪ ಉಳಿದಿದೆ, ಅಳೆದು ತೋರಿಸಿ’ ಎಂದು ಕೇಳಿ. ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಕೇಳಿದರೂ ಸರಿ; ಡಿಸ್ಕ್, ಪ್ಯಾಡ್, ಕ್ಯಾಲಿಪರ್ ಮೂರು ಭಾಷೆಯಲ್ಲೂ ಒಂದೇ.

ಹೊಸ ಡಿಸ್ಕ್ ಕೂರಿಸುವ ಮುನ್ನ ಹಬ್ಬಿನ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಸಬೇಕು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಸ್ಟಿಯರಿಂಗ್ ನಡುಗಲು ಶುರುವಾಗುತ್ತದೆ. ‘ಡಿಸ್ಕ್ ಬೆಂಡಾಗಿದೆ’ ಎಂದು ಹೇಳುವ ಎಷ್ಟೋ ಕಾರುಗಳ ನಿಜವಾದ ರೋಗ ಇದೇ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಕ್ಯಾಲಿಪರಿನ ಪಿನ್ನುಗಳು ಸಲೀಸಾಗಿ ಜಾರಬೇಕು. ಅದಕ್ಕೆಂದೇ ಇರುವ ಗ್ರೀಸ್ ಹಾಕಬೇಕು. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹಿಂದಿನ ಪಿಸ್ಟನ್ನನ್ನು ಬಲವಂತವಾಗಿ ಒತ್ತದೆ ಸ್ಕ್ಯಾನರ್‌ನಿಂದ ಸರ್ವಿಸ್ ಮೋಡಿಗೆ ಹಾಕಿಸಬೇಕು. ವ್ಹೀಲ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಸಬೇಕು.

ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಒತ್ತದಿದ್ದರೆ ಮೊದಲ ಬ್ರೇಕ್ ಖಾಲಿ ಹೋಗುತ್ತದೆ.

ಹೊಸ ಜೋಡಿ ಹೊಂದಿಕೊಳ್ಳಲಿ

ಹೊಸ ಪ್ಯಾಡ್, ಹೊಸ ಡಿಸ್ಕ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ತಯಾರಕರ ಸೂಚನೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಬೆಳಗಿನ ಜಾವ, ಸಂಚಾರವಿಲ್ಲದ ನೇರ ರಸ್ತೆಯಲ್ಲಿ 60ರಿಂದ 20 ಕಿ.ಮೀ.ಗೆ ಹದವಾಗಿ ಎಂಟು–ಹತ್ತು ಸಲ ವೇಗ ಇಳಿಸಿ, ನಡುನಡುವೆ ಸ್ವಲ್ಪ ದೂರ ಓಡಿಸಿ ತಣಿಸಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ. ಕೊನೆಯಲ್ಲಿ ಹತ್ತು ನಿಮಿಷ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಹೆದ್ದಾರಿ ಇದಕ್ಕೆ ಜಾಗವಲ್ಲ.

ಕೊನೆಗೆ, ಯಾರಿಗೆ ಯಾವುದು?

ಹೊಸೂರು–ಬೆಂಗಳೂರು ಕೆಲಸಕ್ಕೆ ಓಡಾಡುವವರಿಗೆ ಮೂಲ ಅಳತೆಯ ಸಾದಾ ಡಿಸ್ಕ್, ಮೂಲ ಗುಣಮಟ್ಟದ ಪ್ಯಾಡ್, ಹೊಸ ಡಾಟ್ 4 ಆಯಿಲ್ ಸಾಕು. ಕುಟುಂಬ ಸಮೇತ ಆಗಾಗ ಘಾಟ್ ಹತ್ತಿ ಇಳಿಯುವವರು ಅದೇ ಡಿಸ್ಕಿಗೆ ಹೆಚ್ಚು ಶಾಖ ತಡೆಯುವ ರಸ್ತೆ ಪ್ಯಾಡ್ ಹಾಕಿಸಲಿ. ವರ್ಷಕ್ಕೆರಡು ಸಲ ಟ್ರ್ಯಾಕಿಗೆ ಹೋಗುವವರು ಟ್ರ್ಯಾಕ್ ಪ್ಯಾಡನ್ನು ಬೇರೆಯಾಗಿ ಇಟ್ಟುಕೊಂಡು, ಅಲ್ಲಿಗೆ ಹೋದಾಗ ಹಾಕಿಸಿ, ಮನೆಗೆ ಹೊರಡುವ ಮುನ್ನ ತೆಗೆಸಲಿ. ಹಣ ಉಳಿದರೆ ಒಳ್ಳೆಯ ಟೈರಿಗೆ ಹಾಕಿ.

ಯಾವ ಪ್ಯಾಡ್ ಹಾಕಿಸಿದರೂ ಇಳಿಜಾರಿನ ನಿಯಮ ಒಂದೇ: ಹತ್ತುವ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡ. ಪೆಡಲ್ ಮೆತ್ತಗಾದರೂ ಹಿಡಿತ ಕಡಿಮೆಯಾದರೂ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಮನೆಯವರು ತಡವಾಯಿತೆಂದು ಗೊಣಗಿದರೂ ಆ ಅರ್ಧ ಗಂಟೆ ಕೊಡಿ.