ಸುಣ್ಣಕಟ್ಟಿನಿಂದ ಇಂಗ್ಲಿಷಿಗೆ ಒಂದು ದಾರಿ

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಪಿ.ಯು. ಕಾಲೇಜಿಗೆ ಬರುವ ಹುಡುಗ ಹುಡುಗಿಯರ ಪೈಕಿ ವಿಜ್ಞಾನ ತೆಗೆದುಕೊಂಡವರಿಗೆ ಮೊದಲ ಕೆಲವು ತಿಂಗಳು ಒಂದು ವಿಚಿತ್ರ ಶಿಕ್ಷೆ ಕಾದಿರುತ್ತದೆ. ಹತ್ತನೆಯ ತರಗತಿಯವರೆಗೆ ಧನಾಗ್ರ, ಋಣಾಗ್ರ ಎಂದು ಓದಿದ್ದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಆನೋಡ್, ಕ್ಯಾಥೋಡ್ ಆಗಿರುತ್ತದೆ. ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್ ಬಂದಿರುತ್ತದೆ. ವಿಷಯ ಅದೇ, ಎಲೆ ಅದೇ, ಬಿಸಿಲೂ ಅದೇ. ಆದರೂ ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ಪಡೆದು ಬಂದ ವಿದ್ಯಾರ್ಥಿ ಹಿಂದಿನ ಬೆಂಚಿಗೆ ಸರಿಯುತ್ತಾನೆ. ತನಗೆ ವಿಜ್ಞಾನವೇ ತಲೆಗೆ ಹತ್ತುವುದಿಲ್ಲ ಎಂದು ನಂಬಿಕೊಳ್ಳುವವರೂ ಇದ್ದಾರೆ. ಅವರಿಗೆ ಹತ್ತದಿರುವುದು ವಿಜ್ಞಾನವಲ್ಲ, ಅದರ ಹೆಸರುಗಳು.

ಈ ಹೆಸರುಗಳನ್ನು ಉರು ಹೊಡೆಯುವುದೇ ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ಹಾದಿ. ಪಟ್ಟಿ ಬರೆದುಕೊಂಡು ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ ಎಂದು ಕಂಠಪಾಠ ಮಾಡಿದ್ದು ಪರೀಕ್ಷೆಯ ಮಾರನೆಯ ದಿನಕ್ಕೇ ಮರೆತುಹೋಗುತ್ತದೆ. ಇನ್ನೊಂದು ಹಾದಿಯಿದೆ, ಅದು ಸ್ವಲ್ಪ ಸುತ್ತು, ಆದರೆ ನಡೆದವರಿಗೆ ದಣಿವಾಗುವುದಿಲ್ಲ. ಒಂದೊಂದು ಪದದ ಹಿಂದೆಯೂ ಒಬ್ಬ ಮನುಷ್ಯ, ಒಂದು ಊರು, ಒಂದು ಜಗಳ ಅಥವಾ ಒಂದು ತಪ್ಪು ಇರುತ್ತದೆ. ಆ ಕಥೆಯನ್ನು ಓದಿದರೆ ಪದ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಅಂದರೆ ವಿಜ್ಞಾನದ ಚರಿತ್ರೆಯನ್ನೇ ಭಾಷೆಯ ಪಾಠವಾಗಿ ಓದುವುದು.

ಆನೋಡನ್ನೇ ನೋಡಬಹುದು. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಹಾಕುವವನ ಬಳಿ ಕೆಲಸ ಕಲಿಯಲು ಸೇರಿದವನು. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದ. ವಿದ್ಯುತ್ತಿನಿಂದ ದ್ರಾವಣಗಳು ವಿಭಜನೆಯಾಗುವುದನ್ನು ಪರಿಶೀಲಿಸುತ್ತಿದ್ದಾಗ ಅವನಿಗೆ ಹೊಸ ಪದಗಳು ಬೇಕಾದವು. ಗ್ರೀಕ್, ಲ್ಯಾಟಿನ್ ಓದಿದವನಲ್ಲ. ಹಾಗಾಗಿ 1834ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಪದಗಳನ್ನು ಕೇಳಿ ಪಡೆದ. ಗ್ರೀಕಿನಲ್ಲಿ 'ಹೊಡೋಸ್' ಎಂದರೆ ದಾರಿ. ಮೇಲಕ್ಕೆ ಹೋಗುವ ದಾರಿ ಆನೋಡ್, ಕೆಳಕ್ಕೆ ಇಳಿಯುವ ದಾರಿ ಕ್ಯಾಥೋಡ್; ಸೂರ್ಯ ಏರುವ ದಿಕ್ಕು ಮತ್ತು ಇಳಿಯುವ ದಿಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹೆಸರುಗಳಿವು. ನಡೆಯುವಂಥದ್ದು ಅಯಾನ್. ಇದೇ 'ಹೊಡೋಸ್' ಮೆಥಡ್ ಎಂಬ ಪದದಲ್ಲಿದೆ; ಸುತ್ತಿ ಬರುವ ದಾರಿ ಎಂಬ ಅರ್ಥದ ಪೀರಿಯಡ್ ಎಂಬುದರಲ್ಲೂ ಇದೆ. ಕಾಲೇಜಿನಲ್ಲಿ ಗಂಟೆ ಹೊಡೆದಾಗಲೆಲ್ಲ ಒಂದು ಪೀರಿಯಡ್ ಮುಗಿಯಿತು ಎನ್ನುವ ವಿದ್ಯಾರ್ಥಿಗೆ ಆನೋಡಿನ ಅರ್ಧ ಪದ ಆಗಲೇ ಗೊತ್ತು. ವಿದ್ಯುತ್ ವಿಜ್ಞಾನಕ್ಕೆ ಬುನಾದಿ ಹಾಕಿದವನೇ ಈ ಪದಗಳಿಗಾಗಿ ಇನ್ನೊಬ್ಬರ ಬಳಿ ಕೈಚಾಚಿದ್ದ ಎಂಬುದು, ಅವು ತಿಳಿಯದೆ ನಾಚಿ ಕೂತವರು ನೆನಪಿಡಬೇಕಾದ ಸಂಗತಿ.

ಆದರೆ ಈ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ ಇವು ತಲೆಮಾರುಗಳಿಂದ ರೇಷ್ಮೆಯ ಊರುಗಳು. ಹಿಪ್ಪುನೇರಳೆ ತೋಟಗಳು ಈಗ ಹಿಂದಿನಷ್ಟು ಉಳಿದಿಲ್ಲವಾದರೂ ಹುಳು ಸಾಕಿದ ಮನೆಯ ಮಾತು ಇನ್ನೂ ಉಳಿದಿದೆ. ಹುಳು 'ಜ್ವರಕ್ಕೆ ಕೂರುವುದು', 'ಹಣ್ಣಾಗುವುದು', ಚಂದ್ರಿಕೆಗೆ ಬಿಡುವುದು ಎಂಬ ಮಾತುಗಳನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಹುಳುವಿಗೆ ಬರುವ ನಾಲ್ಕು ರೋಗಗಳ ಹೆಸರೂ ರೈತರಿಗೆ ಬಾಯಿಪಾಠ: ಗಂಟುರೋಗ, ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು. ರೇಷ್ಮೆ ಇಲಾಖೆಯ ಇಂಗ್ಲಿಷ್ ಪುಸ್ತಕ ತೆರೆದರೆ ಇವೇ ನಾಲ್ಕು ಪೆಬ್ರಿನ್, ಗ್ರಾಸರಿ, ಫ್ಲಾಚರಿ, ಮಸ್ಕಾರ್ಡಿನ್ ಎಂಬ ಭಾರಿ ಹೆಸರು ಹೊತ್ತು ಕೂತಿರುತ್ತವೆ.

ಭಾರಿ ಹೆಸರೆಂಬುದು ಬರಿಯ ಭ್ರಮೆ. ಇವು ಪಂಡಿತರ ಪದಗಳೇ ಅಲ್ಲ. ಫ್ರಾನ್ಸ್, ಇಟಲಿಗಳ ಹುಳು ಸಾಕುವ ರೈತರ ಆಡುಮಾತುಗಳು. ದಕ್ಷಿಣ ಫ್ರಾನ್ಸಿನ ಹಳ್ಳಿಗರ ನುಡಿಯಲ್ಲಿ 'ಪೆಬ್ರೆ' ಎಂದರೆ ಮೆಣಸು. ರೋಗ ಬಂದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದುದರಿಂದ ಅದು ಪೆಬ್ರಿನ್. ಇಂಗ್ಲಿಷಿನ ಪೆಪ್ಪರ್ ಇದರ ದಾಯಾದಿಯೇ. 'ಗ್ರಾ' ಎಂದರೆ ಕೊಬ್ಬು. ಉಬ್ಬಿ ಕೊಬ್ಬಿದಂತೆ ಕಾಣುವ ಹುಳುವಿನ ರೋಗ ಗ್ರಾಸರಿ. ಗಾಡಿಯ ಅಚ್ಚಿಗೆ ಬಳಿಯುವ ಗ್ರೀಸಿನ ಮೂಲವೂ ಇದೇ. ಹುಳು ಶಕ್ತಿಗುಂದಿ ಜೋತುಬೀಳುವುದು ಫ್ಲಾಚರಿ. ಬಿಗಿ ಕಳೆದುಕೊಂಡದ್ದನ್ನು ಇಂಗ್ಲಿಷಿನಲ್ಲಿ ಫ್ಲಾಸಿಡ್ ಎನ್ನುತ್ತಾರೆ. ಕನ್ನಡದ ರೈತ 'ಸಪ್ಪೆ' ಎಂದಾಗ ಕಂಡದ್ದನ್ನೇ ಫ್ರಾನ್ಸಿನ ರೈತನೂ ಕಂಡಿದ್ದ.

ಸುಣ್ಣಕಟ್ಟಿನ ಕಥೆ ಇನ್ನೂ ಸ್ವಾರಸ್ಯದ್ದು. ಸತ್ತ ಹುಳು ಬೆಳ್ಳಗೆ, ಗಟ್ಟಿಯಾಗಿ, ಸುಣ್ಣ ಬಳಿದ ಕಡ್ಡಿಯಂತಾಗುತ್ತದೆ. ಇಟಲಿಯವರು ಇದಕ್ಕೆ ಇಟ್ಟ ಹೆಸರುಗಳಲ್ಲೊಂದು 'ಕಾಲ್ಚಿನಾಚೊ', ಸುಣ್ಣ ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ರೈತರು ಒಂದೇ ಉಪಮೆಯನ್ನು ಆರಿಸಿಕೊಂಡಿದ್ದರು. ಕ್ಯಾಲ್ಸಿಯಂ ಎಂಬ ಮೂಲವಸ್ತುವಿನ ಹೆಸರಿನಲ್ಲಿರುವುದೂ ಇದೇ ಸುಣ್ಣ. ಇನ್ನೊಂದು ಹೆಸರು 'ಮೊಸ್ಕಾರ್ದಿನೊ', ಕಸ್ತೂರಿಯ ವಾಸನೆ ಕಟ್ಟಿದ ಸಕ್ಕರೆಯ ಬಿಳಿ ಮಿಠಾಯಿ; ಮಸ್ಕಾರ್ಡಿನ್ ಬಂದದ್ದು ಅಲ್ಲಿಂದ. ಕಸ್ತೂರಿಗಿರುವ ಮಸ್ಕ್ ಎಂಬ ಪದವಾದರೋ ಪರ್ಷಿಯನ್ನಿನ ಮೂಲಕ ಹೋದ ಸಂಸ್ಕೃತದ್ದು.

ಲೋದಿ ಎಂಬ ಊರಿನ ಹತ್ತಿರದ ಅಗೋಸ್ತಿನೊ ಬಾಸಿ ಕಾನೂನು ಓದಿದವನು, ಕಣ್ಣಿನ ದೃಷ್ಟಿ ಮಂದವಾಗಿದ್ದವನು. 1807ರಲ್ಲಿ ಈ ರೋಗದ ಬೆನ್ನು ಹತ್ತಿದ. ಕಾರಣ ಕಂಡುಹಿಡಿದು ಪುಸ್ತಕ ಪ್ರಕಟಿಸಿದ್ದು 1835ರಲ್ಲಿ. ಕೆಟ್ಟ ಗಾಳಿಯಿಂದಲೋ ಕೆಟ್ಟ ಮೇವಿನಿಂದಲೋ ಹುಳು ಸಾಯುವುದಿಲ್ಲ, ಅದರೊಳಗೆ ಬೆಳೆಯುವ ಜೀವಂತ ಬೂಷ್ಟು ಒಂದು ಹುಳುವಿನಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಅವನು ತೋರಿಸಿಕೊಟ್ಟ. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬುದು ಪ್ರಯೋಗದಿಂದ ಸಿದ್ಧವಾದದ್ದು ಅಲ್ಲಿಯೇ ಮೊದಲು. ಪ್ಯಾಸ್ಟರ್, ಕಾಖ್ ಇವರ ಹೆಸರು ಕೇಳಿದವರೆಲ್ಲ ಬಾಸಿಯ ಹೆಸರು ಕೇಳಿಲ್ಲ ಎಂಬುದು ಅನ್ಯಾಯವೇ ಸರಿ.

ಲೂಯಿ ಪ್ಯಾಸ್ಟರ್ ರೇಷ್ಮೆಯ ಕೆಲಸಕ್ಕೆ ಬಂದದ್ದು 1865ರಲ್ಲಿ, ಗುರುವಾದ ದ್ಯೂಮಾನ ಒತ್ತಾಯಕ್ಕೆ. ಅದುವರೆಗೆ ಅವನು ರೇಷ್ಮೆಹುಳುವನ್ನು ಮುಟ್ಟಿಯೂ ಇರಲಿಲ್ಲ. ಕೀಟವಿಜ್ಞಾನಿ ಫಾಬ್ರ್‌ನ ಮನೆಗೆ ಹೋಗಿ ಒಂದು ಗೂಡನ್ನು ಕೇಳಿ ಪಡೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದನೆಂದು ಫಾಬ್ರ್ ಬರೆದಿಟ್ಟಿದ್ದಾನೆ. ಕೊಳ್ಳೇಗಾಲದ ಮಗುವೂ ನಕ್ಕುಬಿಡುವ ಪ್ರಶ್ನೆ! ಆ ಮನುಷ್ಯನೇ ಐದು ವರ್ಷ ದುಡಿದು, ನಡುವೆ 1868ರಲ್ಲಿ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದರೂ ಬಿಡದೆ, ಗಂಟುರೋಗ ತಡೆಯುವ ವಿಧಾನ ಹುಡುಕಿದ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಮೂಲತಃ ಈ ಪರೀಕ್ಷೆಯೇ. ಬಿತ್ತನೆ ಕೋಠಿಯನ್ನು ಇಂಗ್ಲಿಷಿನಲ್ಲಿ ಗ್ರೇನೇಜ್ ಎನ್ನುತ್ತಾರೆ. ಫ್ರೆಂಚರಿಗೆ ಹುಳುವಿನ ಮೊಟ್ಟೆ 'ಗ್ರೆನ್', ಅಂದರೆ ಕಾಳು. ನಮ್ಮವರಿಗೂ ಅದು ಬಿತ್ತನೆಯೇ.

ಪ್ಯಾಸ್ಟರ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳಿಗೆ ಕಾರ್ಪಸಲ್ ಎಂದು ಹೆಸರು. ಕಾರ್ಪಸ್ ಎಂದರೆ ಲ್ಯಾಟಿನ್ನಿನಲ್ಲಿ ಮೈ. ಕಾರ್ಪಸಲ್ ಎಂದರೆ ಪುಟ್ಟ ಮೈ. ಈ ಒಂದು ಪದ ಕೈಗೆ ಸಿಕ್ಕರೆ ಅದರ ಹಿಂದೆ ಒಂದು ಸಂಸಾರವೇ ಬರುತ್ತದೆ. ಹೆಣಕ್ಕೆ ಕಾರ್ಪ್ಸ್, ಸೈನ್ಯದ ತುಕಡಿಗೆ ಕೋರ್, ಒಂದೇ ಮೈಯಾಗಿ ಸೇರಿಸಿಕೊಳ್ಳುವುದಕ್ಕೆ ಇನ್‌ಕಾರ್ಪೊರೇಟ್, ಹಲವರು ಸೇರಿ ಕಾನೂನಿನ ಕಣ್ಣಿಗೆ ಒಂದೇ ಮೈಯಾದದ್ದಕ್ಕೆ ಕಾರ್ಪೊರೇಷನ್. ಬೆಳಿಗ್ಗೆ ಕಾಲೇಜಿಗೆ ಕರೆತಂದ ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಕೊನೆಯ 'ಸಿ' ಅಕ್ಷರ ಅದೇ.

ಪಟ್ಟಣಕ್ಕೆ 1818ರಲ್ಲಿ ತಂದೆಯ ನೆನಪಿಗಾಗಿ ಚಾಮರಾಜನಗರ ಎಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಗೂ ಇಂಥದೊಂದು ಪದದ ನಂಟಿದೆ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರು ಮೈಸೂರಿನ ರಾಣಿಯರು, ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ದಾಕು ಹಾಕಿಸಿಕೊಂಡ ಗುರುತನ್ನು ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅದು ಹಸುವಿನ ಸಿಡುಬಿನಿಂದ ತೆಗೆದ ದಾಕು. ಲ್ಯಾಟಿನ್ನಿನ 'ವಾಕಾ' ಎಂದರೆ ಹಸು, ಅದರಿಂದ ವ್ಯಾಕ್ಸೀನ್. ಹಸುವಿಗೆ ಸಂಬಂಧವೇ ಇಲ್ಲದ ಚುಚ್ಚುಮದ್ದುಗಳಿಗೂ ಜೆನ್ನರನ ಗೌರವಾರ್ಥ ಅದೇ ಹೆಸರು ಇರಲಿ ಎಂದು 1881ರಲ್ಲಿ ಸೂಚಿಸಿದವನು ಇದೇ ಪ್ಯಾಸ್ಟರ್.

ಹೆಸರು ಹೇಳುವುದೆಲ್ಲ ಸತ್ಯವಲ್ಲ ಎಂಬ ಎಚ್ಚರವೂ ಬೇಕು. ಮಲೇರಿಯಾ ಎಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಮಸಿನಗುಡಿಯ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ ಸೀಗೂರು ಘಾಟಿ ಸಿಗುತ್ತದೆ. 1897ರ ಬೇಸಿಗೆಯಲ್ಲಿ ಊಟಿಗೆ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ ಈ ಘಾಟಿಗೆ ಬಂದು ತಾನೇ ಮಲೇರಿಯಾ ಹಿಡಿಸಿಕೊಂಡ. ಅದೇ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣುವನ್ನು ಕಂಡ. ಗಾಳಿ ನಿರಪರಾಧಿ ಎಂದು ತೀರ್ಮಾನವಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಆದರೂ 'ಮಾಲ್' ಎಂದರೆ ಕೆಟ್ಟದ್ದು ಎಂದು ತಿಳಿದರೆ ಮಾಲ್‌ನ್ಯೂಟ್ರಿಷನ್, ಮಾಲ್‌ಪ್ರಾಕ್ಟಿಸ್, ಮ್ಯಾಲಿಸ್ ಇವುಗಳಿಗೆ ನಿಘಂಟು ತೆರೆಯಬೇಕಾಗಿಲ್ಲ. ಮಲೇರಿಯಾಕ್ಕೆ ಮದ್ದಾದ ಸಿಂಕೋನಾ ಮರವನ್ನು ಮಾರ್ಕಂ ಎಂಬಾತ 1860ರಲ್ಲಿ ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ತರುವ ಏರ್ಪಾಡು ಮಾಡಿದ. ಪೆರುವಿನ ವೈಸ್‌ರಾಯನ ಹೆಂಡತಿ ಚಿಂಚೋನ್ ಪ್ರಾಂತದ ಕೌಂಟೆಸ್‌ಳ ಹೆಸರನ್ನು ಮರಕ್ಕಿಡುವಾಗ ಸಸ್ಯವಿಜ್ಞಾನಿ ಲಿನೀಯಸ್ ಒಂದು ಅಕ್ಷರ ನುಂಗಿದ್ದ. ಅದನ್ನು ತಿದ್ದಬೇಕೆಂದು ಮಾರ್ಕಂ ಪುಸ್ತಕವನ್ನೇ ಬರೆದ. ಯಾರೂ ಕೇಳಲಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ತಪ್ಪುವ ಮಕ್ಕಳಿಗೆ ಲಿನೀಯಸ್ಸನ ಜೊತೆಯಿದೆ.

ಬಿಡಿಪದಗಳಂತೆ ನುಡಿಗಟ್ಟುಗಳೂ ಹೀಗೆಯೇ ಒದಗುತ್ತವೆ. ಹೆಸರುವಾಸಿಯಾದವರನ್ನು ಇಂಗ್ಲಿಷ್ ಪತ್ರಿಕೆಗಳು ಲೈಮ್‌ಲೈಟಿನಲ್ಲಿ ಇದ್ದಾರೆ ಎನ್ನುತ್ತವೆ. ಲೈಮ್ ಎಂದರೆ ಇಲ್ಲಿ ನಿಂಬೆಯಲ್ಲ, ಸುಣ್ಣ. ಸುಣ್ಣದ ತುಂಡನ್ನು ಉರಿಯುವ ಅನಿಲದಲ್ಲಿ ಕಾಯಿಸಿದರೆ ಕಣ್ಣು ಕುಕ್ಕುವ ಬೆಳಕು ಬರುತ್ತದೆ. 1825ರಲ್ಲಿ ಐರ್ಲೆಂಡಿನ ಭೂಮಾಪನದಲ್ಲಿ ಡ್ರಮಂಡ್ ಎಂಬ ಅಧಿಕಾರಿ ಬೆಟ್ಟದಿಂದ ಬೆಟ್ಟಕ್ಕೆ ಗುರಿ ಹಿಡಿಯಲು ಇದನ್ನು ಬಳಸಿದ. ಆಮೇಲೆ ಅದು ಲಂಡನ್ನಿನ ನಾಟಕಶಾಲೆಗಳಿಗೆ ಹೋಗಿ ನಟರ ಮುಖದ ಮೇಲೆ ಬಿತ್ತು. ವಿದ್ಯುದ್ದೀಪ ಬಂದು ಸುಣ್ಣ ಹೋಯಿತು, ಮಾತು ಉಳಿಯಿತು. ಕಠಿಣ ಪರೀಕ್ಷೆಗೆ ಆಸಿಡ್ ಟೆಸ್ಟ್ ಎನ್ನುವುದು ಅಕ್ಕಸಾಲಿಯ ಅಂಗಡಿಯಿಂದ ಬಂದದ್ದು. ಒರೆಗಲ್ಲಿನ ಮೇಲಿನ ಗೆರೆಗೆ ಆಮ್ಲ ಹಾಕಿದರೆ ಚಿನ್ನ ಉಳಿದು ಹಿತ್ತಾಳೆ ಕರಗುತ್ತದೆ. ಒರೆಗೆ ಹಚ್ಚುವುದು ಕನ್ನಡಿಗರಿಗೆ ಹೊಸದೇನಲ್ಲ. ಹಂದಿಯ ಕಿವಿಯಿಂದ ರೇಷ್ಮೆಚೀಲ ಹೊಲಿಯಲಾಗದು ಎಂಬುದು ಇಂಗ್ಲಿಷಿನ ಹಳೆಯ ಗಾದೆ, ನಮ್ಮ ನಾಯಿಬಾಲದ ಗಾದೆಯ ಜಾತಿಯದು. 1921ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಆರ್ಥರ್ ಲಿಟ್ಲನ ಕಂಪನಿಯವರು ಹಂದಿಯ ಕಿವಿಗಳಿಂದ ತೆಗೆದ ಜಿಲೆಟಿನ್ನನ್ನು ನೂಲಾಗಿ ಎಳೆದು ನಿಜವಾಗಿಯೂ ಅಂಥ ಚೀಲ ಹೊಲಿದುಬಿಟ್ಟರು! ಗಾದೆ ಸೋತರೂ ಸತ್ತಿಲ್ಲ.

ಇದರಿಂದ ವ್ಯಾಕರಣ ಬರುವುದಿಲ್ಲ, ಮಾತಾಡುವ ಧೈರ್ಯವೂ ತಾನಾಗಿ ಬರುವುದಿಲ್ಲ. ಅವಕ್ಕೆ ಬೇರೆ ಅಭ್ಯಾಸವೇ ಬೇಕು. ಆದರೆ ಓದುವ ಕ್ರಮದಲ್ಲಿ ಒಂದು ಉಪಾಯವುಂಟು. ಕಥೆಯನ್ನು ಮೊದಲು ಕನ್ನಡದಲ್ಲಿ ಓದಿ, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಓದುವುದು. ಮುಂದೇನಾಗುತ್ತದೆಂದು ಗೊತ್ತಿರುವುದರಿಂದ ಪದಕ್ಕೆ ಹೆದರಬೇಕಾಗಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾಯರು ವಿಜ್ಞಾನಿಗಳ ಬದುಕಿನ ಬಗೆಗೆ ಬರೆದ ಪುಸ್ತಕಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಹಳೆಯ ಸಂಚಿಕೆಗಳು ಮೊದಲ ಮೆಟ್ಟಿಲಿಗೆ ಸಾಕು. ಎರಡನೆಯದಕ್ಕೆ ಪಾಲ್ ಡಿ ಕ್ರೈಫ್ 1926ರಲ್ಲಿ ಬರೆದ 'ಮೈಕ್ರೋಬ್ ಹಂಟರ್ಸ್' ಇದೆ. ಪ್ಯಾಸ್ಟರ್, ರಾಸ್ ಇಬ್ಬರೂ ಅದರಲ್ಲಿ ಸಿಗುತ್ತಾರೆ. ಡಿ ಕ್ರೈಫ್ ಅಲ್ಲಲ್ಲಿ ಕಥೆಗೆ ಬಣ್ಣ ಕಟ್ಟುತ್ತಾನಾದರೂ ಅವನ ಇಂಗ್ಲಿಷ್ ಪರೀಕ್ಷೆಯ ಇಂಗ್ಲಿಷಲ್ಲ, ಮಾತಾಡುವ ಇಂಗ್ಲಿಷ್.

ಬಾಸಿ ಕಂಡ ಬೂಷ್ಟಿಗೆ ಅವನದೇ ಹೆಸರಿಟ್ಟಿದ್ದಾರೆ: ಬ್ಯೂವೇರಿಯಾ ಬಾಸಿಯಾನಾ. ಬೆಳೆಯ ಕೀಟಗಳನ್ನು ಕೊಲ್ಲುವ ಜೈವಿಕ ಔಷಧವಾಗಿ ಅದೀಗ ಗೊಬ್ಬರ, ಔಷಧಿ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಮಾರಾಟಕ್ಕಿದೆ. ಕಾಂಡಕೊರಕ, ಬಿಳಿನೊಣಗಳನ್ನು ಕೊಲ್ಲುವ ಆ ಬೂಷ್ಟಿಗೆ ರೇಷ್ಮೆಹುಳುವೂ ಒಂದು ಹುಳುವೇ. ಪಕ್ಕದ ಹೊಲಕ್ಕೆ ಹೊಡೆದದ್ದು ಹಿಪ್ಪುನೇರಳೆ ಎಲೆಯ ಮೇಲೆ ಕೂತು ಮನೆಯೊಳಗೆ ಬಂದರೆ ಒಂದು ಬೆಳೆ ಪೂರ್ತಿ ಸುಣ್ಣಕಟ್ಟಿಗೆ ಹೋಗಬಹುದು. ಪೊಟ್ಟಣದ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿರುವ ಆ ಎರಡು ಪದಗಳನ್ನು ಮನೆಯಲ್ಲಿ ಯಾರಾದರೊಬ್ಬರು ಓದಿ, ಇದು ಸುಣ್ಣಕಟ್ಟಿನ ಬೂಷ್ಟು ಎಂದು ಗುರುತಿಸಬೇಕು.